ನಿಂತರೆ ತಣ್ಣಗೆ, ಓಡಿದರೆ ಬಿಸಿ: ಹಳೇ ಕಾರಿನ ಹೀಟರ್ ಯಾಕೆ ಹೀಗಾಡ್ತಿದೆ?

ಮಂಜುಗಾಜು:

ಅಪ್ಪ ಓಡಿಸಿ ಬಿಟ್ಟ ಕಾರು ಈಗ ನನ್ನ ಪಾಲಿಗೆ ಬಂದಿದೆ. 2004ರ ಮಾಡೆಲ್, ಪೆಟ್ರೋಲ್, 1 ಲಕ್ಷ 86 ಸಾವಿರ ಕಿಲೋಮೀಟರ್ ಓಡಿದೆ. ಎಂಜಿನ್ ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ನನ್ನ ಜಗಳ ಇರೋದೆಲ್ಲ ಹೀಟರ್ ಜೊತೆ. ಅದಕ್ಕೆ ಮನಸ್ಸು ಬಂದರೆ ಬಿಸಿ, ಬರದಿದ್ದರೆ ಬರೀ ಗಾಳಿ.

ನಾನು ಬೆಳಗಿನ ಜಾವ ಐದಕ್ಕೆ ಮನೆ ಬಿಡೋನು. ಚಳಿಗಾದರೆ ಸ್ವೆಟರ್ ಇದೆ, ಮಂಜು ಕಟ್ಟಿದ ಗಾಜಿಗೆ ಏನು ಹಾಕಲಿ? ಮೊನ್ನೆ ಒಂದು ಕೈಲಿ ಸ್ಟೇರಿಂಗ್, ಇನ್ನೊಂದು ಕೈಲಿ ಹಳೇ ಬನಿಯನ್ ಹಿಡ್ಕೊಂಡು ಗಾಜು ಒರೆಸ್ತಾ ತಿರುವು ತಗೊಂಡೆ. ಎದುರಿಗೆ ಸೈಕಲ್. ಏನೂ ಆಗಲಿಲ್ಲ ಅನ್ನಿ, ಆದರೆ ಎದೆ ಡವಡವ ನಿಲ್ಲೋಕೆ ಅರ್ಧ ಗಂಟೆ ಬೇಕಾಯ್ತು.

ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಎಲ್ಲಾ ಬರೆದಿಟ್ಟುಕೊಂಡಿದ್ದೀನಿ. (ಮನೇಲಿ ನಗ್ತಾರೆ. ನಗಲಿ.) ಹತ್ತು ನಿಮಿಷ ಓಡಿದ ಮೇಲೆ ಟೆಂಪರೇಚರ್ ಸೂಜಿ ನಡುವಿಗೆ ಬರುತ್ತೆ, ಆಮೇಲೆ ಅಲ್ಲಾಡಲ್ಲ. ರಸ್ತೆ ಖಾಲಿ ಇದ್ದು ಒಂದೇ ಸಮ ಓಡ್ತಿದ್ದರೆ ಬಿಸಿ ಗಾಳಿ ಚೆನ್ನಾಗೇ ಬರುತ್ತೆ. ಸಿಗ್ನಲ್‌ನಲ್ಲಿ ನಿಂತರೆ ಒಂದು ನಿಮಿಷದೊಳಗೆ ಉಗುರುಬೆಚ್ಚಗೆ, ಎರಡನೇ ನಿಮಿಷಕ್ಕೆ ತಣ್ಣಗೆ. ನ್ಯೂಟ್ರಲ್‌ನಲ್ಲೇ ಆಕ್ಸಿಲರೇಟರ್ ಒತ್ತಿ ಹಿಡಿದರೆ ಮತ್ತೆ ಬಿಸಿ. ಕೆಲವು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಡ್ಯಾಶ್‌ಬೋರ್ಡ್ ಒಳಗಿಂದ ಗುಳುಗುಳು ಸದ್ದು, ಬಾಟಲಿಯಿಂದ ನೀರು ಬಗ್ಗಿಸಿದ ಹಾಗೆ. ಎಲ್ಲಾ ದಿನವೂ ಇಲ್ಲ.

ಇನ್ನೊಂದು, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ: ಫ್ಯಾನು 1, 2, 3ರಲ್ಲಿ ತಿರುಗೋದೇ ಇಲ್ಲ. 4ಕ್ಕಿಟ್ಟರೆ ಮಾತ್ರ ಬಿರುಗಾಳಿ.

ಗ್ಯಾರೇಜಿನವರು ಕಾರು ನೋಡದೆ ಫೋನಲ್ಲೇ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಬಾಯಿ ತೆರೆದು ರೇಡಿಯೇಟರ್‌ಗೆ ನೀರು ಬಿಡೋ ವಾಲ್ವ್) ಅಂದರು. ಬದಲಾಯಿಸಿದ್ದಾಯ್ತು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಈಗ ಹೀಟರ್ ಕೋರ್ ಅಂತಿದ್ದಾರೆ, ಅದಕ್ಕೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಂತೆ. ಬಿಚ್ಚಿಸೋಕೆ ಮುಂಚೆ ನಿಮ್ಮನ್ನೆಲ್ಲ ಒಂದು ಮಾತು ಕೇಳೋಣ ಅಂತ.

ಬೇಗಬೇಗ:

ಥರ್ಮೋಸ್ಟಾಟೇ. ಹೊಸದೂ ಕೆಟ್ಟಿರೋದೇ ಬಂದಿರಬಹುದು. ಇನ್ನೊಂದು ಹಾಕಿ ನೋಡಿ.

ಹದಿನಾಲ್ಕರ ಸ್ಪ್ಯಾನರ್:

ಇನ್ನೊಂದು ಹಾಕೋದು ಬೇಡ. ಥರ್ಮೋಸ್ಟಾಟ್ ಬಾಯಿ ತೆರೆದೇ ಉಳಿದುಬಿಟ್ಟರೆ ಆಗೋದು ಇದಕ್ಕೆ ತದ್ವಿರುದ್ಧ. ವೇಗವಾಗಿ ಹೋಗುವಾಗ ಎದುರುಗಾಳಿ ರೇಡಿಯೇಟರ್‌ಗೆ ಹೊಡೆದು ಎಂಜಿನ್ ಅತಿಯಾಗಿ ತಣಿಯುತ್ತೆ, ಸೂಜಿ ಇಳಿಯುತ್ತೆ, ಹೀಟರ್ ಸೋಲುತ್ತೆ. ಸಿಗ್ನಲ್‌ನಲ್ಲಿ ನಿಂತಾಗ ಮತ್ತೆ ಬಿಸಿ ಏರುತ್ತೆ. ನಿಮ್ಮದು ಓಡುವಾಗ ಬಿಸಿ, ನಿಂತಾಗ ತಣ್ಣಗೆ. ಆ ನೋಟ್‌ಬುಕ್ ನೋಡಿ ನಗೋರಿಗೆ ಹೇಳಿ, ಅರ್ಧ ರಿಪೇರಿ ಅದೇ ಮಾಡಿದೆ ಅಂತ.

ಕಾರಿನ ಹೀಟರ್‌ಗೆ ಅಂತ ಬೇರೆ ಒಲೆ ಏನಿಲ್ಲ. ಎಂಜಿನ್ ತಣಿಸೋ ದ್ರವ, ಅಂದರೆ ಕೂಲೆಂಟ್, ಎಂಜಿನ್‌ನಲ್ಲಿ ಬಿಸಿಯಾಗಿ ಒಂದು ಹೋಸ್‌ನಲ್ಲಿ ಡ್ಯಾಶ್‌ಬೋರ್ಡ್ ಹಿಂದಿರೋ ಪುಟ್ಟ ರೇಡಿಯೇಟರ್‌ಗೆ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತೆ. ಆ ಪುಟ್ಟದ್ದೇ ಹೀಟರ್ ಕೋರ್. ಫ್ಯಾನು ಅದರ ಸಂದಿಯಿಂದ ಗಾಳಿ ಊದುತ್ತೆ, ಅಷ್ಟೆ. ಕೂಲೆಂಟನ್ನ ತಳ್ಳೋದು ವಾಟರ್ ಪಂಪ್. ಅದು ಎಂಜಿನ್ ತಿರುಗಿದಷ್ಟೇ ತಿರುಗೋದರಿಂದ ಐಡ್ಲಿಂಗ್‌ನಲ್ಲಿ (ಕಾರು ನಿಂತು ಎಂಜಿನ್ ಮೆಲ್ಲಗೆ ಓಡ್ತಿರುವಾಗ) ತಳ್ಳುವ ಬಲ ತೀರಾ ಕಡಿಮೆ. ಆಕ್ಸಿಲರೇಟರ್ ಒತ್ತಿದರೆ ಬಿಸಿ ಬರುತ್ತೆ ಅಂದರೆ, ಎಂಜಿನ್‌ನಲ್ಲಿ ಬಿಸಿ ಇದೆ, ನಿಮ್ಮ ತನಕ ತಲುಪ್ತಾ ಇಲ್ಲ. ಒಂದೋ ಕೂಲೆಂಟ್ ಕಮ್ಮಿಯಾಗಿ ಕೋರ್‌ನಲ್ಲಿ ಗಾಳಿ ಕೂತಿದೆ, ಇಲ್ಲಾ ಕೋರ್ ಕಟ್ಟಿಕೊಂಡಿದೆ, ಇಲ್ಲಾ ಪಂಪಿಗೆ ತ್ರಾಣ ಇಲ್ಲ. ಗುಳುಗುಳು ಅಂದ್ರಲ್ಲ, ಹಾಗಾಗಿ ನನ್ನ ಅನುಮಾನ ಮೊದಲು ಗಾಳಿ ಮೇಲೆ. ಎಷ್ಟೋ ಕಾರುಗಳಲ್ಲಿ ಕೋರ್ ಎತ್ತರದಲ್ಲಿರುತ್ತೆ, ಒಳಗಿನ ಗಾಳಿಯೆಲ್ಲ ಅಲ್ಲೇ ಹೋಗಿ ಸೇರಿಕೊಳ್ಳುತ್ತೆ.

ಡ್ಯಾಶ್‌ಬೋರ್ಡ್ ಮುಟ್ಟಬೇಡಿ. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್‌ನಲ್ಲಿ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಎಷ್ಟಿದೆ ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಮಟ್ಟ ನೋಡಿ ಸಮಾಧಾನ ಮಾಡ್ಕೋಬೇಡಿ, ಅದು ಸುಳ್ಳು ಹೇಳುತ್ತೆ. ಬಿಸಿ ಇದ್ದಾಗ ಮಾತ್ರ ಮುಚ್ಚಳದ ಹತ್ತಿರ ಕೈ ಬೇಡ. ಒಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಇರುತ್ತೆ, ತೆಗೆದ ಕ್ಷಣ ಕುದಿಯೋ ನೀರು ಮುಖಕ್ಕೆ.

ಆಮೇಲೆ ಎಂಜಿನ್ ಬಿಸಿ ಮಾಡಿ, ಹೀಟರ್ ಪೂರ್ತಿ ಬಿಸಿಗಿಟ್ಟು ಫ್ಯಾನ್ ಹಾಕಿ. ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ತಗಡಿನ ಗೋಡೆಯೊಳಗೆ ನುಗ್ಗೋ ಎರಡು ಹೋಸ್ ಕಾಣುತ್ತೆ. ಬೆಲ್ಟಿಗೆ, ಫ್ಯಾನಿಗೆ ತೋಳು ಸಿಕ್ಕದ ಹಾಗೆ ನೋಡ್ಕೊಂಡು ಮುಟ್ಟಿ. ಎರಡೂ ಸುಡ್ತಿದ್ದರೆ ನೀರಿನ ದೋಷ ಅಲ್ಲ. ಒಳಗೆ ಬಿಸಿಗಾಳಿ, ತಣ್ಣನೆ ಗಾಳಿ ಬೆರೆಸೋ ಒಂದು ಕದ ಇರುತ್ತೆ, ಅದರ ಕೇಬಲ್ ಕಳಚಿದೆ ಅಥವಾ ಕದದ ಸ್ಪಂಜು ಉದುರಿದೆ. ಕಿಂಡಿಯಿಂದ ಕಪ್ಪು ಸ್ಪಂಜಿನ ಚೂರು ಹಾರಿ ಬರ್ತಿದ್ದರೆ ಅದೇ. ಒಂದು ಹೋಸ್ ಸುಟ್ಟು ಇನ್ನೊಂದು ಬರೀ ಬೆಚ್ಚಗಿದ್ದರೆ ಕೂಲೆಂಟ್ ಹರೀತಿಲ್ಲ. ಎರಡೂ ತಣ್ಣಗಿದ್ದರೆ ಹೋಸ್ ದಾರಿಯಲ್ಲಿ ಹೀಟರ್ ವಾಲ್ವ್ ಇದೆಯಾ ಹುಡುಕಿ. ಎಲ್ಲಾ ಕಾರಲ್ಲೂ ಇರಲ್ಲ, ಇದ್ದರೆ ಹಳತಾದಾಗ ಮುಚ್ಚಿಕೊಂಡೇ ಹಿಡಿದುಬಿಡೋದುಂಟು. ಐಡ್ಲಿಂಗ್‌ನಲ್ಲಿ ಒಂದು ಸಲ, 2500 ಆರ್‌ಪಿಎಂನಲ್ಲಿ ಇನ್ನೊಂದು ಸಲ ನೋಡಿ ಬರೀರಿ.

ಫ್ಯಾನಿನ ಕತೆ ಬೇರೆ. ಆಮೇಲೆ.

ಹಳೇ ಡೀಸೆಲ್:

ಸ್ಪ್ಯಾನರ್ ಸರ್ ಹೇಳಿದ್ದು ಬರೋಬ್ಬರಿ ಐತ್ರಿ. ನಂದೊಂದು ಮಾತು. ನೀರು ಕಡಿಮಿ ಆಗಾಕತ್ತೈತಿ ಅಂತ ಗೊತ್ತಾದ್ರ ಯಾರಾದ್ರೂ ಬಂದು ಲೀಕ್ ಬಂದ್ ಮಾಡೋ ಪುಡಿ ಹಾಕ್ರಿ ಅಂತಾರ. ಹಾಕಬ್ಯಾಡ್ರಿ. ನಾ ಹಾಕೀನಿ. ರೇಡಿಯೇಟರ್ ಸೋರೋದು ನಿಂತಿದ್ದು ಖರೆ, ಆದ್ರ ಹೀಟರ್ ಕೋರ್ ಒಳಗಿನ ಸಣ್ಣ ಸಣ್ಣ ನಳಿಗಿ ಎಲ್ಲಾ ಆ ಪುಡಿಯಿಂದ ಕಟ್ಟಿಕೊಂಡು ಕುಂತ್ವು. ಎರಡು ಚಳಿಗಾಲ ಕಂಬಳಿ ಹೊದ್ದು ಗಾಡಿ ಹೊಡದೇನ್ರಿ.

ಕಡೀಕ ಎರಡೂ ಹೋಸ್ ಬಿಚ್ಚಿ, ನೀರು ಹೊರಗ ಬರೋ ಬಾಯಾಗಿಂದ ಒಳಗ ಬಿಟ್ಟು ಉಲ್ಟಾ ತೊಳದೆ. ಮೊದಲ ಬಂದದ್ದು ನೀರಲ್ಲ, ಕಂದು ಕೆಸರು. ಖುಷಿ ಆಗಿ ನಳ ಪೂರಾ ತಿರುವಿಬಿಟ್ಟೆ. ಅಲ್ಲೇ ನೋಡ್ರಿ ಕೆಟ್ಟಿದ್ದು. ಹಳೇ ಕೋರು, ಟಪ್ ಅಂತ ಒಡದು ಕಾಲಕೆಳಗಿನ ಕಾರ್ಪೆಟ್ ಎಲ್ಲಾ ಕೆರಿ ಆತು. ಡ್ಯಾಶ್‌ಬೋರ್ಡ್ ಬಿಚ್ಚಾಕ ಎರಡು ದಿನ, ಕೂಡ್ಸಾಕ ಮೂರು ದಿನ, ಉಳಿದ ಸ್ಕ್ರೂ ಏಳು. ಆ ಏಳು ಎಲ್ಲಿಯವು ಅಂತ ಇವತ್ತಿಗೂ ಗೊತ್ತಾಗಿಲ್ಲ. ತೊಳಿಯೋ ಪಾಳಿ ಬಂದ್ರ ನೀರು ಸಣ್ಣಗ ಬಿಡ್ರಿ, ಸಾವಕಾಶ.

ಮಂಜುಗಾಜು:

ಸ್ಪ್ಯಾನರ್ ಸರ್, ಹೇಳಿದ್ದೆಲ್ಲ ಮಾಡಿದೆ. ಮೊದಲು ತಪ್ಪೊಪ್ಪಿಗೆ: ನಾನು ಇಷ್ಟು ದಿನ ನೋಡ್ತಿದ್ದದ್ದು ಆ ಡಬ್ಬಿಯನ್ನೇ. ಅದರಲ್ಲಿ ಯಾವಾಗಲೂ ಎರಡು ಗೆರೆಯ ನಡುವೆ ಇರ್ತಿತ್ತು. ರೇಡಿಯೇಟರ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಕೂಲೆಂಟ್ ಕಾಣಲೇ ಇಲ್ಲ. ತುಂಬೋಕೆ 1.2 ಲೀಟರ್ ಹಿಡೀತು.

ತುಂಬೋ ಮುಂಚೆ ಹೋಸ್ ಪರೀಕ್ಷೆ ಮಾಡಿದ್ದೆ. ಕೈ ಸುಟ್ಟುಕೊಳ್ಳೋ ಧೈರ್ಯ ಇಲ್ಲದೆ ಪರಿಚಯದವರ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಇಸ್ಕೊಂಡು ಬಂದೆ. ಐಡ್ಲಿಂಗ್‌ನಲ್ಲಿ ಒಂದು ಹೋಸ್ 84 ಡಿಗ್ರಿ, ಇನ್ನೊಂದು 41. 2500ರಲ್ಲಿ 86 ಮತ್ತು 67. ಗಾಳಿ ಬರೋ ಕಿಂಡಿಯಲ್ಲಿ ಐಡ್ಲಿಂಗ್‌ನಲ್ಲಿ 31.

ತುಂಬಿದ ಮೇಲೆ ಮೂರು ದಿನ ಸ್ವರ್ಗ. ಪೂರ್ತಿ ಸ್ವರ್ಗವೂ ಅಲ್ಲ, ಐಡ್ಲಿಂಗ್‌ನಲ್ಲಿ ವಾಪಸ್ ಹೋಸ್ 58ಕ್ಕಿಂತ ಮೇಲೇರಲಿಲ್ಲ. ನಾಲ್ಕನೇ ದಿನ ಮತ್ತೆ ಗುಳುಗುಳು. ಮುಚ್ಚಳ ತೆಗೆದು ನೋಡಿದರೆ 400 ಮಿಲಿಲೀಟರ್ ಮಾಯ. ಕಾರಿನ ಕೆಳಗೆ ರಟ್ಟು ಹಾಸಿಟ್ಟಿದ್ದೆ, ಒಂದು ಹನಿ ಇಲ್ಲ. ಕಾರ್ಪೆಟ್ ಒಣಗಿದೆ.

ಇನ್ನೊಂದು ವಿಷಯ. ತೆಗೆದ ಹಳೇ ಥರ್ಮೋಸ್ಟಾಟನ್ನ ಎಸೆದಿರಲಿಲ್ಲ. ಒಂದು ಖಾಲಿ ತಗಡಿನ ಡಬ್ಬಿಯಲ್ಲಿ ನೀರು ಕಾಯಿಸಿ ಅದನ್ನ ದಾರದಲ್ಲಿ ಇಳಿಬಿಟ್ಟು ನೋಡಿದೆ. ಮೇಲೆ 88 ಅಂತ ಕೊರೆದಿದೆ, 87ಕ್ಕೆ ಬಾಯಿ ಬಿಡೋಕೆ ಶುರು ಮಾಡ್ತು. ನಿರಪರಾಧಿಗೆ ಗಲ್ಲು ಹಾಕಿಬಿಟ್ಟಿದ್ದೆ.

ಬೇಗಬೇಗ:

ಹೊರಗೆ ಸೋರದೆ ಕಮ್ಮಿ ಆಗ್ತಿದೆ ಅಂದ್ರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ. ಗಾಡಿ ಮಾರಿಬಿಡಿ.

ಹದಿನಾಲ್ಕರ ಸ್ಪ್ಯಾನರ್:

ಮಾರೋದಕ್ಕೆ ಮುಂಚೆ ನಾಲ್ಕು ಪರೀಕ್ಷೆ ಇದೆ, ಬೇಗಬೇಗ ಅವರೇ.

ಮಂಜುಗಾಜು, ನಿಮ್ಮ ಸಂಖ್ಯೆಗಳು ಬಹಳ ಹೇಳ್ತಿವೆ. ಕೋರ್ ಕಟ್ಟಿಕೊಂಡಿದ್ದರೆ ಎಂಜಿನ್ ವೇಗ ಏರಿಸಿದರೂ 67ರ ತನಕ ಚೇತರಿಸಿಕೊಳ್ಳೋದು ಕಷ್ಟ. ಹಾಗಾಗಿ ಕೋರ್ ಸದ್ಯಕ್ಕೆ ಬಚಾವು. ಈಗಿರೋ ಪ್ರಶ್ನೆ ಎರಡು. ಕೂಲೆಂಟ್ ಎಲ್ಲಿಗೆ ಹೋಗ್ತಿದೆ? ತುಂಬಿದಾಗಲೂ ಐಡ್ಲಿಂಗ್‌ನಲ್ಲಿ ಯಾಕೆ 58?

ಡಬ್ಬಿ ಯಾಕೆ ಸುಳ್ಳು ಹೇಳ್ತು ಅಂತ ಹೇಳ್ತೀನಿ, ಅದರಲ್ಲೇ ಒಂದು ಸುಳಿವಿದೆ. ಎಂಜಿನ್ ತಣಿಯುವಾಗ ಕೂಲೆಂಟ್ ಕುಗ್ಗಿ ರೇಡಿಯೇಟರ್ ಒಳಗೆ ಹೀರುವಿಕೆ ಉಂಟಾಗುತ್ತೆ. ಎಲ್ಲಾ ಸರಿ ಇದ್ದರೆ ಡಬ್ಬಿಯಿಂದ ಕೂಲೆಂಟ್ ಎಳ್ಕೊಳ್ಳುತ್ತೆ. ಎಲ್ಲೋ ಒಂದು ಸಣ್ಣ ತೂತಿದ್ದರೆ ಅಲ್ಲಿಂದ ಗಾಳಿ ಎಳ್ಕೊಳ್ಳೋದು ಸುಲಭ, ಡಬ್ಬಿ ಹಾಗೇ ತುಂಬಿರುತ್ತೆ. ಅಂದರೆ ಬಿಸಿಯಲ್ಲಿ ಸೋರೋ, ತಣ್ಣಗಾದಾಗ ಗಾಳಿ ಕುಡಿಯೋ ಜಾಗ ಒಂದಿದೆ. ಮುಚ್ಚಳದ ರಬ್ಬರ್ ಕೂಡ ಇರಬಹುದು, ಮೊದಲು ಅದನ್ನ ನೋಡಿ. ರಟ್ಟಿನ ಮೇಲೆ ಹನಿ ಇಲ್ಲ ಅನ್ನೋದನ್ನ ನಂಬೋ ಹಾಗಿಲ್ಲ. ಬಿಸಿ ಎಂಜಿನ್ ಮೇಲೆ ಸೋರಿದ್ದು ಅಲ್ಲೇ ಆವಿಯಾಗುತ್ತೆ, ಉಳಿಯೋದು ಬಣ್ಣದ ಕಲೆ ಮಾತ್ರ.

ಕೋರ್ ಸೋರಿದರೆ ಕಾರೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡಿನ ಮಂಜು. ಬಿಳಿ ಕಾಗದದಿಂದ ಗಾಜು ಒರೆಸಿ ನೋಡಿ, ಬರೀ ನೀರಾದರೆ ಅದು ನಿಮ್ಮ ಉಸಿರು, ಜಿಡ್ಡಾದರೆ ಕೂಲೆಂಟ್. ಹೆಡ್ ಗ್ಯಾಸ್ಕೆಟ್ ಅನುಮಾನಕ್ಕೆ: ರಾತ್ರಿ ತಣ್ಣಗಾದ ಮೇಲೂ ಬೆಳಿಗ್ಗೆ ರೇಡಿಯೇಟರ್‌ನ ಮೇಲಿನ ಹೋಸ್ ಗಟ್ಟಿಯಾಗಿ ಉಬ್ಬಿದೆಯಾ? ಸ್ಟಾರ್ಟ್ ಮಾಡಿದಾಗ ರೇಡಿಯೇಟರ್ ಬಾಯಲ್ಲಿ ನಿಲ್ಲದ ಗುಳ್ಳೆಗಳಾ? ಇದ್ದರೆ ರೇಡಿಯೇಟರ್ ಬಾಯಿಗೆ ಇಟ್ಟು ನೋಡೋ ನೀಲಿ ದ್ರವದ ಪರೀಕ್ಷೆ ಮಾಡಿಸಿ. ಸುಟ್ಟ ಅನಿಲ ಸೇರಿದ್ದರೆ ನೀಲಿ ಹಳದಿಯಾಗುತ್ತೆ. ಕೊನೆಗೆ ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟ್. ಎಂಜಿನ್ ತಣ್ಣಗಿದ್ದಾಗ ಕೈಪಂಪಿನಿಂದ ಒತ್ತಡ ತುಂಬಿ ಕಾಯೋದು. ವಾಟರ್ ಪಂಪ್ ಕೆಳಗೊಂದು ಸಣ್ಣ ತೂತಿರುತ್ತೆ, ಒಳಗಿನ ಸೀಲ್ ಹೋದರೆ ಗೊತ್ತಾಗಲಿ ಅಂತಲೇ ಇಟ್ಟಿರೋದು. ಅಲ್ಲಿ ಕಣ್ಣಿಡಿ.

ಇಷ್ಟರಲ್ಲಿ ತುಂಬೋದಾದರೆ ನಲ್ಲಿ ನೀರು ಬೇಡ. ಮೊದಲಿರೋ ಕೂಲೆಂಟಿನ ಜಾತಿಯದ್ದನ್ನೇ ಡಿಸ್ಟಿಲ್ಡ್ ನೀರಿಗೆ ಸಮಪಾಲು ಬೆರೆಸಿ. ಬಣ್ಣ ಒಂದೇ ಅಂತ ಎರಡು ಬಗೆ ಬೆರೆಸಬೇಡಿ, ಬಣ್ಣ ಬರೀ ಬಣ್ಣ, ಒಳಗಿನ ರಸಾಯನ ಬೇರೆ ಇರಬಹುದು. ಚೆಲ್ಲಿದ್ದನ್ನ ತೊಳೆದುಬಿಡಿ. ಸಿಹಿ ಅಂತ ನಾಯಿ ಬೆಕ್ಕು ನೆಕ್ಕಿದರೆ ಸಾಯ್ತವೆ.

ಪಕ್ಕದ ಸೀಟು:

ರಿಪೇರಿ ಆಗೋ ತನಕ ಆ ಸೈಕಲ್‌ನವರ ಗತಿ ಏನು? ಎಸಿ ಕೆಲಸ ಮಾಡ್ತಿದ್ದರೆ ಗಾಳಿಯನ್ನ ಗಾಜಿಗೆ ತಿರುಗಿಸಿ ಹೀಟರ್ ಜೊತೆಗೇ ಎಸಿ ಹಾಕಿ. ಚಳಿಯಲ್ಲಿ ಎಸಿ ಯಾಕೆ ಅಂತ ನಮ್ಮ ಯಜಮಾನರೂ ಕೇಳ್ತಿದ್ರು. ಅದು ಗಾಳಿಯ ತೇವ ಹಿಂಡಿ ತೆಗೆಯುತ್ತೆ. ಒಳಗಿನ ಗಾಳಿಯನ್ನೇ ಸುತ್ತಿಸೋ ಗುಂಡಿ ಆಫ್ ಇರಲಿ, ಹೊರಗಿನ ಗಾಳಿ ಬರಲಿ. ಗಾಜಿನ ಒಳಭಾಗ ಚೆನ್ನಾಗಿ ಉಜ್ಜಿಡಿ, ಕೊಳೆ ಇದ್ದಲ್ಲೇ ಮಂಜು ಹಿಡಿಯೋದು. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದೆಯಾ ಅಂತಲೂ ನೋಡಿ. ನಮ್ಮ ಗಾಡಿಯ ಕ್ಯಾಬಿನ್ ಫಿಲ್ಟರ್ ತೆಗೆದಾಗ ಅರ್ಧ ಮರ ಸಿಕ್ಕಿತ್ತು.

ಮಂಜುಗಾಜು:

ಹನ್ನೊಂದು ದಿನ ಆಯ್ತು, ಬರೆಯೋಕೆ ತಡ ಆಯ್ತು, ಕ್ಷಮಿಸಿ. ಪಕ್ಕದ ಸೀಟು ಅವರೇ, ಎಸಿ ಉಪಾಯ ಕೆಲಸ ಮಾಡ್ತು. ಬನಿಯನ್‌ಗೆ ನಿವೃತ್ತಿ ಕೊಟ್ಟೆ.

ಒಂದೊಂದಾಗಿ ಹೇಳ್ತೀನಿ. ಕಾಗದದಲ್ಲಿ ಜಿಡ್ಡಿಲ್ಲ. ಬೆಳಿಗ್ಗೆ ಹೋಸ್ ಮೆತ್ತಗಿತ್ತು. ನೀಲಿ ದ್ರವ ನೀಲಿಯಾಗೇ ಉಳೀತು (ಆ ಹತ್ತು ನಿಮಿಷ ನಾನು ಉಸಿರು ಬಿಡಲಿಲ್ಲ). ಮುಚ್ಚಳದ ರಬ್ಬರ್ ಒಣಗಿ ಬಿರಿದಿತ್ತು, ಬದಲಾಯಿಸಿದೆ, ಆದರೂ ಕೂಲೆಂಟ್ ಕಮ್ಮಿಯಾಗೋದು ನಿಲ್ಲಲಿಲ್ಲ.

ಪ್ರೆಶರ್ ಟೆಸ್ಟಿಗೆ ಈ ಸಲ ಬೇರೆ ಗ್ಯಾರೇಜಿಗೆ ಹೋದೆ, ನಾನೂ ಪಕ್ಕದಲ್ಲೇ ನಿಂತೆ. 1 ಬಾರ್ ತುಂಬಿದರು. ಇಪ್ಪತ್ತು ನಿಮಿಷಕ್ಕೆ 0.7ಕ್ಕೆ ಇಳೀತು. ಎಲ್ಲೂ ಹನಿ ಕಾಣ್ತಿಲ್ಲ. ಅಲ್ಲಿದ್ದ ಹುಡುಗ ಒಂದು ಪುಟ್ಟ ಕನ್ನಡಿ ತಂದು ಪಂಪಿನ ಕೆಳಗೆ ಹಿಡಿದ. ಸ್ಪ್ಯಾನರ್ ಸರ್ ಹೇಳಿದ ಅದೇ ತೂತು. ಅದರಿಂದ ಕೆಳಗೆ ಇಳಿದಿರೋ ತೆಳು ಗುಲಾಬಿ ಕಲೆ, ಉಪ್ಪು ಕಟ್ಟಿದ ಹಾಗೆ. ನಾವು ನೋಡ್ತಿದ್ದ ಹಾಗೇ ಒಂದು ಹನಿ ಉಬ್ಬಿ ಜಾರ್ತು. ಇಷ್ಟು ದಿನ ಹುಡುಕಿದ ಕಳ್ಳ ಸಿಕ್ಕಿದ ಖುಷಿಗೆ ಆ ಹುಡುಗನ ಬೆನ್ನು ತಟ್ಟಿದೆ, ಅವನು ಗಾಬರಿಯಾದ.

ಪಂಪ್ ಬಿಚ್ಚಿದಾಗ ಎರಡನೇ ಪ್ರಶ್ನೆಗೂ ಉತ್ತರ ಸಿಕ್ತು. ನೀರು ತಳ್ಳೋ ರೆಕ್ಕೆಗಳು ತುಕ್ಕು ಹಿಡಿದು ಇಲಿ ಕಡಿದ ಹಾಗೆ ಅರ್ಧಕ್ಕರ್ಧ ಸವೆದಿದ್ದವು. ಐಡ್ಲಿಂಗ್‌ನಲ್ಲಿ ಅದು ಕೂಲೆಂಟನ್ನ ತಳ್ತಿರಲಿಲ್ಲ, ಬರೀ ಕಲಕ್ತಿತ್ತು ಅನ್ನಬೇಕು. ಅಮ್ಮನಿಗೆ ಹೇಳಿದೆ. "ನಿಮ್ಮಪ್ಪ ಕೂಲೆಂಟ್ ಅಂತ ದುಡ್ಡು ಯಾಕೆ ದಂಡ ಅಂತ ವರ್ಷಗಟ್ಟಲೆ ಬಕೆಟ್ ನೀರೇ ಹಾಕ್ತಿದ್ರು" ಅಂದಳು. ಉಳಿತಾಯದ ವಿಷಯದಲ್ಲಿ ಅಪ್ಪನ ಜೊತೆ ವಾದ ಗೆದ್ದವರಿಲ್ಲ, ಈ ಪಂಪೂ ಗೆದ್ದಿರಲಿಲ್ಲ.

ನನ್ನ ಕಾರಲ್ಲಿ ಪಂಪ್ ತಿರುಗಿಸೋದು ಟೈಮಿಂಗ್ ಬೆಲ್ಟ್ (ಎಂಜಿನ್ ಭಾಗಗಳ ತಾಳ ಹೊಂದಿಸೋ ಬೆಲ್ಟ್). ಬಿಚ್ಚಿದ್ದೇ ಬಿಚ್ಚಿದ್ದು ಅಂತ ಬೆಲ್ಟ್, ಅದನ್ನ ಬಿಗಿಯಾಗಿಡೋ ಟೆನ್ಷನರ್ ಎರಡನ್ನೂ ಹೊಸದು ಹಾಕಿಸಿದೆ. ಗಾಳಿ ತೆಗೆಯೋ ಕೆಲಸ ಮಾತ್ರ ನಾನೇ ಮಾಡ್ತೀನಿ ಅಂತ ಹಟ ಹಿಡಿದೆ. ಕಾರಿನ ಮೂತಿ ಮೇಲಾಗೋ ಹಾಗೆ ಏರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹೀಟರ್ ಪೂರ್ತಿ ಬಿಸಿಗಿಟ್ಟು, ದೊಡ್ಡ ಲಾಳಿಕೆಯಿಂದ ನಿಧಾನವಾಗಿ ತುಂಬಿದೆ. ಥರ್ಮೋಸ್ಟಾಟ್ ಮನೆಯ ಮೇಲೆ ಒಂದು ಬ್ಲೀಡ್ ಸ್ಕ್ರೂ ಇದೆ, ಅದನ್ನ ಸಡಿಲ ಮಾಡಿದರೆ ಮೊದಲು ಬುಸ್ ಬುಸ್ ಅಂತ ಗಾಳಿ, ಆಮೇಲೆ ನೊರೆ, ಆಮೇಲೆ ಗುಳ್ಳೆಯಿಲ್ಲದ ಧಾರೆ. ಆಗ ಬಿಗಿ ಮಾಡಿದೆ. ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಹಿಸುಕ್ತಾ ಹಿಸುಕ್ತಾ, ಮಟ್ಟ ಇಳಿದಷ್ಟೂ ತುಂಬಿಸ್ತಾ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲೋ ತನಕ ಕಾದೆ. ಕೊನೆಯ ದೊಡ್ಡ ಗುಳ್ಳೆ ಮೇಲೆ ಬಂದಾಗ ಡ್ಯಾಶ್‌ಬೋರ್ಡ್ ಒಳಗೆ ಒಂದು ಸಲ ಗುಳುಕ್ ಅಂತು. ಅಷ್ಟೆ, ಅದೇ ಕೊನೆ. ಮರುದಿನ ಬೆಳಿಗ್ಗೆ ನೋಡಿದಾಗ ಇನ್ನೊಂದು ಲೋಟದಷ್ಟು ಹಿಡೀತು, ಆಮೇಲೆ ಒಂದು ವಾರದಿಂದ ಮಟ್ಟ ಅಲ್ಲಾಡಿಲ್ಲ.

ನೋಟ್‌ಬುಕ್ಕಿನ ಕೊನೆ ಪುಟ: ಐಡ್ಲಿಂಗ್‌ನಲ್ಲಿ ಹೋಸ್ 87 ಮತ್ತು 72, ಕಿಂಡಿಯಲ್ಲಿ 54. ಸಿಗ್ನಲ್‌ನಲ್ಲಿ ನಿಂತಾಗಲೂ ಹಾಗೇ.

ಈಗ ಹೊಸ ತೊಂದರೆ. ಫ್ಯಾನ್ 4ರಲ್ಲಿ ಮಾತ್ರ ತಿರುಗೋದ್ರಿಂದ ಒಳಗೆ ಕೂರೋಕಾಗ್ತಿಲ್ಲ, ಬೆವರು.

ಹದಿನಾಲ್ಕರ ಸ್ಪ್ಯಾನರ್:

ಭೇಷ್. ಫ್ಯಾನಿನ ದೋಷ ಬ್ಲೋವರ್ ರೆಸಿಸ್ಟರ್‌ನದ್ದು (ಬ್ಲೋವರ್ ಅಂದರೆ ಆ ಫ್ಯಾನೇ). 1, 2, 3ರಲ್ಲಿ ಕರೆಂಟು ಅದರ ಮೂಲಕ ಹಾದು ತಗ್ಗುತ್ತೆ, 4ರಲ್ಲಿ ಅದನ್ನ ಬಿಟ್ಟು ನೇರ ಮೋಟರ್‌ಗೆ ಹೋಗುತ್ತೆ. ಅದು ಸುಟ್ಟರೆ ಉಳಿಯೋದು 4 ಒಂದೇ. ಪಕ್ಕದ ಸೀಟಿನ ಕಾಲಿನ ಹತ್ತಿರ, ಬ್ಲೋವರ್ ಪಕ್ಕ, ಗಾಳಿ ಹೋಗೋ ಕೊಳವೆಗೆ ಎರಡು ಸ್ಕ್ರೂನಲ್ಲಿ ಕೂತಿರುತ್ತೆ ಸಾಮಾನ್ಯವಾಗಿ. ಬ್ಯಾಟರಿ ತಂತಿ ಬಿಚ್ಚಿ ಕೈ ಹಾಕಿ. ಪ್ಲಗ್ ಕರಗಿದೆಯಾ ನೋಡಿ, ಕರಗಿದ್ದರೆ ಅದನ್ನೂ ಬದಲಾಯಿಸಿ. ಮೋಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಅದು ಕರೆಂಟು ಜಾಸ್ತಿ ಎಳೆದು ಹೊಸ ರೆಸಿಸ್ಟರನ್ನೂ ಸುಡುತ್ತೆ.

ಮಂಜುಗಾಜು:

ಅದೇ ಆಗಿತ್ತು ಸರ್. ಪ್ಲಗ್ಗಿನ ಒಂದು ಕಾಲು ಕಂದು ಬಣ್ಣಕ್ಕೆ ತಿರುಗಿತ್ತು, ಎರಡೂ ಹೊಸದು ಹಾಕಿದೆ. ಬ್ಲೋವರ್ ಬುಟ್ಟಿಯೊಳಗೆ ಒಣಗಿದ ಎಲೆ ಒಂದು ಹಿಡಿ ಇತ್ತು, ತೆಗೆದೆ. ಇವತ್ತು ಬೆಳಿಗ್ಗೆ 2ರಲ್ಲಿಟ್ಟು ಹೋಗಿ ಬಂದೆ.

ಹಳೇ ಡೀಸೆಲ್:

ಅದಿರ್ಲಿ, ಸ್ಕ್ರೂ ಎಷ್ಟು ಉಳದಾವ್ರಿ?

ಮಂಜುಗಾಜು:

ಒಂದು.